ಮೂರು ಮಹಡಿಯಷ್ಟು ಮ್ಯಾಂಡರಿನ್

ನಮ್ಮ ಊರಿನಲ್ಲಿ ಮೆಟ್ಟಿಲುಗಳಿಲ್ಲ. ಮಹಡಿಗಳೇನೋ ಬೇಕಾದಷ್ಟಿವೆ, ಹೈಸ್ಕೂಲಿಗೆ ನಾಲ್ಕಿವೆ, ಆದರೆ ಮೆಟ್ಟಿಲು ಕಟ್ಟಿಸಿದ ಪುಣ್ಯಾತ್ಮ ಇದುವರೆಗೆ ಒಬ್ಬನೂ ಹುಟ್ಟಿಲ್ಲ. ಮೇಲೆ ಹೋಗಬೇಕಾದವರು ಅಂಗಳದಲ್ಲಿ ನಿಂತು ತಾವು ಕಲಿತ ಪರಭಾಷೆಯಲ್ಲಿ ನಾಲ್ಕು ಮಾತಾಡುತ್ತಾರೆ, ಏರುತ್ತಾರೆ, ಬೇಕಾದ ಮಹಡಿ ಬಂದ ಕೂಡಲೇ ಕಾಲು ಒಳಗಿಡುತ್ತಾರೆ. ಇಳಿಯುವುದು ಇನ್ನೂ ಸಲೀಸು: ಬಾಯಿ ಮುಚ್ಚಿಕೊಂಡು ಹೊರಗೆ ಹೆಜ್ಜೆ ಇಟ್ಟರೆ ಸಾಕು, ಒಣಗಿದ ಎಲೆಯ ಹಾಗೆ ನಿಧಾನವಾಗಿ ಕೆಳಗೆ ಬಂದು ಕೂರುತ್ತೇವೆ. ಹುಟ್ಟಿನಿಂದ ಬಂದ ಕನ್ನಡ ಯಾರನ್ನೂ ಏರಿಸುವುದಿಲ್ಲ, ಅದು ನೆಲದ ಮೇಲೆ ನಿಂತು ಆಡುವ ಮಾತು. ಏರಿಸುವುದು ಕಷ್ಟಪಟ್ಟು ಕಲಿತ ಭಾಷೆ, ಅದೂ ಲೋಕದಲ್ಲಿ ಅದಕ್ಕೆ ಎಷ್ಟು ಬೆಲೆಯೋ ಅಷ್ಟೇ ಎತ್ತರಕ್ಕೆ. ನಮ್ಮ ಮುತ್ತಾತ ಪಾರಸಿಯಲ್ಲಿ ಎರಡು ಮಹಡಿ ಏರುತ್ತಿದ್ದನಂತೆ. ಈಗ ಪಾರಸಿ ಆಡಿದರೆ ಹೊಸಿಲು ದಾಟುವುದೂ ಕಷ್ಟ. ಏಣಿ ಇಲ್ಲವೇ ಎಂದು ಬೇರೆ ಊರಿನವರು ಕೇಳುತ್ತಾರೆ. ಇದೆ, ಸುಣ್ಣ ಬಳಿಯುವವರ ಹತ್ತಿರ ಇದೆ. ಮಿಕ್ಕವರು ಏಣಿ ಹತ್ತಿದರೆ ಆ ಮನೆಗೆ ಹೆಣ್ಣು ಕೊಡುವವರೂ ಇಲ್ಲ, ಆ ಮನೆಯಿಂದ ತರುವವರೂ ಇಲ್ಲ.

ಆಮೇಲಿನ ನೂರು ವರ್ಷ ನಮ್ಮನ್ನು ಏರಿಸಿದ್ದು ಇಂಗ್ಲಿಷು. ಅದರಲ್ಲಿ ನಮ್ಮ ಚಿಕ್ಕಪ್ಪ ಪುಟ್ಟಬಸಪ್ಪ ಮೇಷ್ಟ್ರನ್ನು ಮೀರಿಸಿದವರಿರಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು. ಬೆಳಗಿನ ಕಾಫಿ ಕುಡಿದು ಅಂಗಳಕ್ಕೆ ಬಂದು, ಗಂಟಲು ಸರಿಮಾಡಿಕೊಂಡು, ಒಂದೇ ಒಂದು ಉದ್ದ ವಾಕ್ಯ ಶುರು ಮಾಡಿದರೆಂದರೆ ಅದು ಮುಗಿಯುವ ಹೊತ್ತಿಗೆ ಮೂರನೆಯ ಮಹಡಿಯ ತಾರಸಿಯ ಮೇಲೆ ಇರುತ್ತಿದ್ದರು. ಪಂಚೆಯ ಅಂಚು ಹಾರುತ್ತಾ, ಒಂದು ಕೈಯಲ್ಲಿ ಪೇಪರ್ ಹಿಡಿದು, ಕಿಟಕಿಗಳಲ್ಲಿ ನಿಂತವರಿಗೆಲ್ಲ ತಲೆಯಾಡಿಸುತ್ತಾ ಅವರು ಏರುವುದನ್ನು ನೋಡಲು ಬೀದಿಯಲ್ಲಿ ಜನ ನಿಲ್ಲುತ್ತಿದ್ದರು. ನಾನೂ ನಿಂತಿದ್ದೇನೆ. ನನ್ನ ಹೆಸರು ಷಡಕ್ಷರಿ, ನೀರಿನ ಕಂದಾಯದ ಆಫೀಸಿನಲ್ಲಿ ಗುಮಾಸ್ತ, ಅದೇ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ವಾಸ.

ಅವರ ಹೆಂಡತಿ, ನನ್ನ ತಾಯಿಯ ತಂಗಿ ಸಿದ್ದಗಂಗಮ್ಮ, ಆ ತಾರಸಿಯನ್ನು ಒಂದು ಸಲವೂ ನೋಡಿರಲಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಮೂವತ್ತೆಂಟು ವರ್ಷ ಸಂಸಾರ ಮಾಡಿದ ಮನೆಯ ನೆತ್ತಿ ಹೇಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಎಂಟನೆಯ ದಿನ ಅಂಗಳದಲ್ಲಿ ನಿಂತು ಅಕ್ಕಪಕ್ಕದವರಿಂದ ಕಲಿತ ಒಂದು ಇಂಗ್ಲಿಷ್ ಮಾತು ಹೇಳಿದಳಂತೆ. ಮೊಣಕಾಲೆತ್ತರ ಏರಿದ್ದಳಂತೆ ಕೂಡ. ಅಷ್ಟರಲ್ಲಿ ಮೇಷ್ಟ್ರು ಮೇಲಿಂದ ಬಗ್ಗಿ, "ಹಾಗಲ್ಲ ಗಂಗಾ, ಆ ಉಚ್ಚಾರ ತಪ್ಪು, ಇನ್ನೊಂದು ಸಲ ಹೇಳು" ಅಂದರು. ಅವರಿಗದು ತಿದ್ದುವುದಷ್ಟೇ, ಮೇಷ್ಟ್ರಲ್ಲವೇ, ನಿದ್ದೆಯಲ್ಲೂ ತಿದ್ದುತ್ತಿದ್ದರು. ಅವಳಿಗೆ ಮಾತ್ರ ಬೀದಿಯವರೆಲ್ಲ ನೋಡುತ್ತಿರುವಾಗ ಗಾಳಿಯಲ್ಲಿ ನೇತಾಡಿಕೊಂಡು ಬೈಸಿಕೊಂಡ ಹಾಗಾಯಿತು. ಬಾಯಿ ಮುಚ್ಚಿದಳು, ಇಳಿದಳು, ಅಡುಗೆಮನೆಗೆ ಹೋದಳು. ಆಮೇಲೆ ಇಂಗ್ಲಿಷಿನ ತಂಟೆಗೇ ಹೋಗಲಿಲ್ಲ. ಹಪ್ಪಳ ಸಂಡಿಗೆಯನ್ನು ಅಂಗಳದಲ್ಲೇ ಒಣಗಿಸಿದಳು, ಕಾಗೆಗಳ ಜೊತೆ ಜಗಳವಾಡುತ್ತಾ.

ಇಂಗ್ಲಿಷಿನ ಎತ್ತರ ಕೆಲವು ವರ್ಷಗಳಿಂದ ಕುಸಿಯುತ್ತಿತ್ತು, ನಾವು ನೋಡಿಯೂ ನೋಡದ ಹಾಗಿದ್ದೆವು. ಅಂಗನವಾಡಿಯ ಮಕ್ಕಳೆಲ್ಲ ಇಂಗ್ಲಿಷ್ ಪದ್ಯ ಹೇಳತೊಡಗಿದ ಮೇಲೆ ಅದು ಎಲ್ಲರ ಬಾಯಲ್ಲೂ ಇತ್ತು, ಎಲ್ಲರ ಬಾಯಲ್ಲೂ ಇದ್ದದ್ದು ಯಾರನ್ನು ಎಷ್ಟು ಏರಿಸೀತು? ಹೋದ ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಅದು ಪೂರ್ತಿ ಕೈಕೊಟ್ಟಿತು. ಬ್ಯಾಂಕಿನ ಮ್ಯಾನೇಜರು ಎಂದಿನಂತೆ ಗುಡ್ ಮಾರ್ನಿಂಗ್ ಹೇಳಿ ಒಂದು ಮಣೆಯಷ್ಟು ಎತ್ತರಕ್ಕೆ ಏರಿ ನಿಂತರು. ಇನ್ನೊಂದು ಸಲ ಹೇಳಿದರು. ಊಹೂಂ, ಒಂದು ಏರಾಟದಲ್ಲಿ ಒಂದು ವಾಕ್ಯ ಒಂದೇ ಸಲ ಕೆಲಸ ಮಾಡುವುದು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ವಕೀಲರು ಇಡೀ ಒಂದು ಅರ್ಜಿಯನ್ನೇ ಓದಿ ಕಿಟಕಿಯ ಕೆಳಗಿನ ಚೌಕಟ್ಟು ಮುಟ್ಟಿದರು. ನಮ್ಮ ಆಫೀಸು ಎರಡನೆಯ ಮಹಡಿಯಲ್ಲಿ. ನಾವು ಹನ್ನೊಂದು ಜನ ಗುಮಾಸ್ತರು ಅದರ ಕೆಳಗೆ ಬೀದಿಯಲ್ಲಿ ನಿಂತು ಒಕ್ಕೊರಲಿನಿಂದ ರಜೆ ಚೀಟಿ ಓದಿದೆವು, ಒಬ್ಬನೂ ಹಾರಲಿಲ್ಲ. ಕಡೆಗೆ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕುಳಿತೆವು. ನಿಜ ಹೇಳಬೇಕೆಂದರೆ ಅಲ್ಲಿ ಗಾಳಿ ಚೆನ್ನಾಗಿತ್ತು.

ಮೇಲೆ ಇದ್ದವರೆಲ್ಲ ಒಂದಷ್ಟು ಗೊಣಗಿ, ಆಮೇಲೆ ಬಾಯಿ ಮುಚ್ಚಿ ಇಳಿದುಬಂದರು. ಇಳಿಯದವರು ಒಬ್ಬರೇ, ಅಂದು ಬೇಗನೆ ಕಾಫಿ ಕುಡಿದು ಏರಿದ್ದ ಪುಟ್ಟಬಸಪ್ಪ ಮೇಷ್ಟ್ರು. ಇಳಿದರೆ ಮತ್ತೆ ಏರಲಾರೆ ಎಂದು ಅವರಿಗೆ ಗೊತ್ತಿತ್ತು. ಮೂರು ಮಹಡಿ ಏರುವ ಮನುಷ್ಯ ಎಂದು ಊರು ಕರೆಯುತ್ತಿದ್ದವರು ಮಣೆ ಎತ್ತರದ ಮನುಷ್ಯ ಆಗುವುದು ಹೇಗೆ? ಬುಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಅದರಲ್ಲಿ ಒಂದು ಚೀಟಿ: ಇಂಗ್ಲಿಷ್ ವಾಪಸ್ ಬರುವವರೆಗೆ ನಾನು ಇಲ್ಲೇ ಇರುತ್ತೇನೆ, ಊಟಕ್ಕೆ ಚಟ್ನಿಪುಡಿ ಇರಲಿ. ಚಿಕ್ಕಮ್ಮ ಚೀಟಿ ಓದಿಸಿಕೊಂಡು ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು. "ಇರ್ಲಿ ಬಿಡು, ಎಷ್ಟ್ ದಿನ ಇರ್ತಾರೆ ನೋಡೋಣ" ಅಂದಳು. ಒಂದು ವಾರ ಹೋಯಿತು, ಒಂದು ತಿಂಗಳಾಯಿತು, ದೀಪಾವಳಿ ಬಂದು ಹೋಯಿತು. ದಿನಕ್ಕೆರಡು ಸಲ ಬುಟ್ಟಿ ಏರುತ್ತಿತ್ತು, ಇಳಿಯುತ್ತಿತ್ತು. ಚಿಕ್ಕಮ್ಮ ಒಬ್ಬಳೇ ಕೂತು ಅರ್ಧ ರೊಟ್ಟಿ ತಿಂದು ತಟ್ಟೆ ಸರಿಸುವುದನ್ನು ನಾನು ನೋಡುತ್ತಿದ್ದೆ. ಕೇಳಿದರೆ "ಹಸಿವಿಲ್ಲ ಕಣೋ" ಅನ್ನುತ್ತಿದ್ದಳು.

ಆಗ ಬಂದವಳು ಜುಬೇದಾ, ನಮ್ಮ ಪೇಟೆಬೀದಿಯ ಗುಂಡಿ ಅಂಗಡಿಯವಳು. ಅಂಗಿಗೆ, ರವಿಕೆಗೆ, ಕೋಟಿಗೆ ಹಾಕುವ ಗುಂಡಿಗಳನ್ನು ತರಲು ಹತ್ತು ವರ್ಷದಿಂದ ಚೀನಾಕ್ಕೆ ಓಡಾಡುತ್ತಿದ್ದಳು. ಈ ಸಲ ಬಂದು ಮೂಟೆ ಇಳಿಸುತ್ತಿದ್ದಾಗ ಅಲ್ಲಿನ ಸಾಹುಕಾರನಿಂದ ಫೋನು ಬಂತು. ಕಳಿಸಿದ ಮಾಲಿನಲ್ಲಿ ಏನೋ ಹೆಚ್ಚುಕಮ್ಮಿಯಾಗಿತ್ತು. ಇವಳು ಫೋನನ್ನು ಕಿವಿಗೊತ್ತಿ ಜಗಳ ಶುರು ಮಾಡಿದಳು, ಜಗಳದ ಭರದಲ್ಲಿ ಮೊದಲನೆಯ ಮಹಡಿ ದಾಟಿದಳು, ಎರಡನೆಯದು ದಾಟಿದಳು, ಕರೆಂಟಿನ ತಂತಿ ದಾಟಿದಳು, ಹೈಸ್ಕೂಲಿನ ಬಾವುಟದ ಕಂಬದ ತುದಿ ಕೈಗೆ ಸಿಕ್ಕಾಗ ಅದನ್ನು ಹಿಡಿದುಕೊಂಡು ಇನ್ನೂ ಹತ್ತು ನಿಮಿಷ ಬೈದಳು. ಕೆಳಗೆ ಪೇಟೆಬೀದಿಯೆಲ್ಲ ಬಾಯಿ ತೆರೆದು ನಿಂತಿತ್ತು. ಫೋನಿಟ್ಟು ಸುಮ್ಮನೆ ಇಳಿದುಬಂದವಳನ್ನು ಜನ ಮುತ್ತಿಕೊಂಡರು. "ಅದ್ಯಾವ ಭಾಷೆ ತಾಯಿ?" ಎಂದು ಬ್ಯಾಂಕ್ ಮ್ಯಾನೇಜರೇ ಕೈಮುಗಿದು ಕೇಳಿದರು. "ಮ್ಯಾಂಡರಿನ್ ಸಾರ್, ಚೀನಾದೋರ ಭಾಷೆ. ಈಗ ವ್ಯಾಪಾರ ಎಲ್ಲ ಅದ್ರಲ್ಲೇ ಅಲ್ವಾ" ಅಂದಳು ಜುಬೇದಾ, ಏನೂ ನಡೆದೇ ಇಲ್ಲವೆನ್ನುವ ಹಾಗೆ.

ಮಾರನೆಯ ಬೆಳಿಗ್ಗೆಯಿಂದ ಗುಂಡಿ ಅಂಗಡಿಯ ಮುಂದೆ ಪಾಠ. ಜುಬೇದಾಳಿಗೆ ಗೊತ್ತಿದ್ದದ್ದು ಗುಂಡಿಯ ಮ್ಯಾಂಡರಿನ್ ಮಾತ್ರ, ಆದ್ದರಿಂದ ನಾವು ಕಲಿತದ್ದೂ ಅದೇ. ಮೊದಲನೆಯ ಪಾಠ: ಥಾಯ್ ಗ್ವೇ ಲ, ಎಂದರೆ ತುಂಬಾ ದುಬಾರಿಯಾಯಿತು. ಎರಡನೆಯದು: ಈ ಗುಂಡಿಗೆ ನಾಲ್ಕು ತೂತಿವೆ. ಮೂರನೆಯದು: ನಾನು ನಿಮ್ಮ ಹಳೇ ಗಿರಾಕಿ. ಡಾಕ್ಟರು, ತಹಸೀಲ್ದಾರರು, ಹೂ ಮಾರುವವಳು, ಮಠದ ಮರಿಸ್ವಾಮಿಗಳು, ಎಲ್ಲರೂ ಚಾಪೆಯ ಮೇಲೆ ಕುಳಿತು ತುಂಬಾ ದುಬಾರಿಯಾಯಿತು, ತುಂಬಾ ದುಬಾರಿಯಾಯಿತು ಎಂದು ಕೂಗುತ್ತಾ ಕುದಿಯುವ ಎಸರಿನ ಗುಳ್ಳೆಗಳಂತೆ ಮೇಲೆ ಕೆಳಗೆ ಆಡುತ್ತಿದ್ದ ಆ ದಿನಗಳ ಖುಷಿಯನ್ನು ಏನೆಂದು ಹೇಳಲಿ! ತಹಸೀಲ್ದಾರರು ಒಂದು ಸಲ ತಲೆಕೆಳಗಾಗಿ ಏರಿದರು. ಹೆಂಗಸರು ಸೀರೆಯ ನೆರಿಗೆಗೆ ಪಿನ್ನು ಹಾಕಿಕೊಂಡು ಬರತೊಡಗಿದರು. ಮನೆಮನೆಗಳಲ್ಲೂ ತಲೆ ತಾಕದಿರಲಿ ಎಂದು ಹಜಾರದ ಫ್ಯಾನು ಬಿಚ್ಚಿಟ್ಟರು.

ಆ ಚಾಪೆಯ ಮೇಲೆ ಮೊದಲ ಸಾಲಿನಲ್ಲಿ ನಮ್ಮ ಚಿಕ್ಕಮ್ಮ ಕುಳಿತಿದ್ದಳು. ಐವತ್ತೊಂಬತ್ತು ವರ್ಷ, ಮಂಡಿನೋವು ಬೇರೆ. ನಾನು ನಕ್ಕಾಗ ದುರುಗುಟ್ಟಿ ನೋಡಿ, "ಯಾಕೆ, ನಾನು ಕಲೀಬಾರ್ದಾ? ಇದ್ರಲ್ಲಿ ಡಾಕ್ಟ್ರೂ ಒಂದನೇ ಕ್ಲಾಸು, ನಾನೂ ಒಂದನೇ ಕ್ಲಾಸು" ಅಂದಳು. ಆ ಮಾತು ನಿಜವಾಗಿತ್ತು, ಅದೇ ಅವಳಿಗೆ ರೆಕ್ಕೆ ಕಟ್ಟಿದ್ದು. ಯಾರೂ ಅವಳಿಗಿಂತ ಮುಂದಿರಲಿಲ್ಲ, ಜುಬೇದಾಳನ್ನು ಬಿಟ್ಟರೆ ಯಾರೂ ತಿದ್ದುವಷ್ಟು ಬಲ್ಲವರಿರಲಿಲ್ಲ. ರೊಟ್ಟಿ ತಟ್ಟುತ್ತಾ ಹೇಳಿಕೊಂಡಳು, ಬಟ್ಟೆ ಒಗೆಯುತ್ತಾ ಹೇಳಿಕೊಂಡಳು. ಒಂದು ದಿನ ಬೆಳಿಗ್ಗೆ ನಾನು ಎದ್ದು ಬಂದರೆ ಅಡುಗೆಮನೆಯ ಅಟ್ಟದ ಎತ್ತರದಲ್ಲಿ ನಿಂತು ಉಪ್ಪಿನಕಾಯಿ ಭರಣಿ ತೆಗೆಯುತ್ತಿದ್ದಳು. "ಚಿಕ್ಕಮ್ಮಾ, ಏನಿದು!" ಎಂದು ಕೂಗಿದೆ. ಉತ್ತರ ಕೊಡಲು ಬಾಯಿ ತೆರೆದು, ಕನ್ನಡ ಆಡಿದರೆ ಬಿದ್ದೇನೆಂದು ನೆನಪಾಗಿ, ಭರಣಿಯನ್ನು ಎದೆಗವಚಿಕೊಂಡು ಈ ಗುಂಡಿ ತಾಮ್ರದ್ದೋ ಹಿತ್ತಾಳೆಯದೋ ಎಂದು ಮ್ಯಾಂಡರಿನ್‌ನಲ್ಲಿ ನನ್ನನ್ನೇ ಕೇಳಿದಳು.

ಮಾಘ ಮುಗಿಯುವ ಹೊತ್ತಿಗೆ ಒಂದು ಸಂಗತಿ ಬೇವಿನ ಮರದ ಕೆಳಗಿನ ಗುಮಾಸ್ತರ ಕಣ್ಣಿಗೇ ಮೊದಲು ಬಿತ್ತು. ಹೋದ ತಿಂಗಳು ಆಫೀಸಿನ ಕಿಟಕಿ ಮುಟ್ಟಿಸುತ್ತಿದ್ದ ಅವೇ ಪಾಠಗಳು ಈ ತಿಂಗಳು ಒಂದು ಮೊಳ ಕಡಿಮೆ ಏರಿಸುತ್ತಿದ್ದವು. ಜುಬೇದಾ ಲೆಕ್ಕ ಹಾಕಿ ಹೇಳಿದಳು, "ಎಲ್ರೂ ಕಲೀತಾವ್ರೆ ಗಂಗಮ್ಮಾವ್ರೇ. ಬೇಸಿಗೆ ರಜೆ ಬಂತು ಅಂದ್ರೆ ಸ್ಕೂಲ್ ಮಕ್ಕಳೆಲ್ಲ ಬಂದು ಸೇರ್ತಾವೆ. ಆಮೇಲೆ ಮೂರನೇ ಮಹಡಿ ಗ್ಯಾರಂಟಿ ಇಲ್ಲ. ಹೋಗೋದಿದ್ರೆ ಈಗ್ಲೇ ಹೋಗ್ಬಿಡಿ." ಚಿಕ್ಕಮ್ಮನ ಮುಖ ಸಣ್ಣದಾಯಿತು. ಅವಳ ಹತ್ತಿರ ಇದ್ದದ್ದು ಇಪ್ಪತ್ತೆರಡು ಪಾಠ. ಪ್ರತಿಯೊಂದನ್ನೂ ಒಂದು ಸಲ ಹೇಳಿದರೆ ಎಷ್ಟು ಏರಬಹುದು ಎಂದು ಇಬ್ಬರೂ ಕೂತು ದಾರದಿಂದ ಅಳೆದರು. ತಾರಸಿಯ ಗೋಡೆಗೆ ಇನ್ನೂ ಆಳುದ್ದ ಬಾಕಿ ಉಳಿಯುತ್ತಿತ್ತು.

"ಕಾಯೋಣ ಚಿಕ್ಕಮ್ಮ, ಇನ್ನೂ ಹತ್ತು ಪಾಠ ಆಗ್ಲಿ" ಅಂದೆ ನಾನು. "ಕಾದು ಕಾದು ಮೂವತ್ತೆಂಟು ವರ್ಷ ಆಯ್ತಲ್ಲೋ" ಅಂದಳು. "ಈ ಸಲ ಹೋಗ್ಲಿಲ್ಲ ಅಂದ್ರೆ ಇನ್ನು ನಾನು ಅದನ್ನ ನೋಡಲ್ಲ. ಅವ್ರೂ ಇಳಿಯಲ್ಲ. ಬುಟ್ಟಿ ಎಳ್ಕೊಂಡೇ ಇಬ್ರೂ ಮುದುಕರಾಗ್ತೀವಿ." ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಎಂದು ನಿಶ್ಚಯವಾಯಿತು. ನಾನು ಯಾರಿಗೂ ಹೇಳಲಿಲ್ಲ, ಒಬ್ಬಿಬ್ಬರಿಗೆ ಬಿಟ್ಟು. ಏಳೂವರೆಗೆ ನಮ್ಮ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಕ್ಕಮ್ಮ ಹಸಿರು ಇಳಕಲ್ ಸೀರೆ ಉಟ್ಟು, ನೆರಿಗೆಗೆ ಮೂರು ಪಿನ್ನು ಹಾಕಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂಗಳದ ನಡುವೆ ನಿಂತಳು. ಮೇಲೆ ಗೋಡೆಯಾಚೆ ಮೇಷ್ಟ್ರ ಕನ್ನಡಕ ಕಂಡಿತು. ಏಳು ತಿಂಗಳಲ್ಲಿ ಗಡ್ಡ ಎದೆಗೆ ಬಂದಿತ್ತು.

ಮೊದಲ ಹತ್ತು ಪಾಠ ನೀರು ಕುಡಿದ ಹಾಗೆ ಮುಗಿದವು. ತುಂಬಾ ದುಬಾರಿಯಾಯಿತು ಅಂದಳು, ಮೊಣಕಾಲೆತ್ತರ ಏರಿದಳು. ಈ ಗುಂಡಿಗೆ ನಾಲ್ಕು ತೂತಿವೆ, ಕಿಟಕಿಯ ಎತ್ತರ ಬಂತು. ಕೋಟಿನ ಗುಂಡಿ, ರವಿಕೆಯ ಹುಕ್ಕು, ಹನ್ನೆರಡು ಡಜನಿನ ಗ್ರೋಸಿಗೆ ಎಷ್ಟು, ಬಣ್ಣ ಹೋಗುವುದಿಲ್ಲ ತಾನೇ? ಒಂದೊಂದಕ್ಕೂ ಕೆಳಗಿನವರು ಉಸಿರು ಬಿಗಿಹಿಡಿದು, ಏರಿದ ಕೂಡಲೇ ಹೋ ಎನ್ನುತ್ತಿದ್ದರು. ಮೊದಲನೆಯ ಮಹಡಿ ದಾಟಿದಳು, ಎರಡನೆಯದೂ ದಾಟಿದಳು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ದಾರ ಹೇಳಿದ್ದ ಜಾಗದಲ್ಲೇ ನಿಂತಳು. ಗೋಡೆಗೆ ಆಳುದ್ದ ಬಾಕಿ. ಸುಮ್ಮನಿದ್ದರೆ ಇಳಿಯುವುದು ಶುರುವಾಗುತ್ತದೆ, ಶುರುವಾಗಿಯೂ ಬಿಟ್ಟಿತು, ಅವಳ ಪಾದಗಳು ಒಂದು ಗೇಣು ಕೆಳಗೆ ಜಾರಿದವು. ಮೇಷ್ಟ್ರು ಮೇಲಿಂದ ಬಗ್ಗಿ ಏನೋ ಹೇಳಲು ಬಾಯಿ ತೆರೆದರು.

ಅವರು ಬಾಯಿ ತೆರೆದದ್ದನ್ನು ನೋಡಿದಳಲ್ಲ, ಚಿಕ್ಕಮ್ಮನಿಗೆ ಎಲ್ಲಿತ್ತೋ ಸಿಟ್ಟು! ಪಾಠದಲ್ಲಿ ಇಲ್ಲದ ಮಾತು, ತನ್ನದೇ ಮಾತು, ಗುಂಡಿ ಅಂಗಡಿಯ ಪದಗಳನ್ನೇ ಕಿತ್ತು ಜೋಡಿಸಿ ಮ್ಯಾಂಡರಿನ್‌ನಲ್ಲಿ ಶುರು ಮಾಡಿದಳು. "ಮೇಲಿರುವ ಸಾಹುಕಾರರೇ, ನಾನು ನಿಮ್ಮ ಹಳೇ ಗಿರಾಕಿ! ಮೂವತ್ತೆಂಟು ವರ್ಷದಿಂದ ಬೇರೆ ಅಂಗಡಿಯ ಕಡೆ ತಲೆ ಹಾಕಿಲ್ಲ!" ಒಂದೇ ಸಲಕ್ಕೆ ಎರಡು ಮೊಳ ಏರಿದಳು. ಪಾಠದ ವಾಕ್ಯ ಯಾವುದೂ ಅಷ್ಟು ಏರಿಸಿದ್ದಿಲ್ಲ. "ಒಳ್ಳೇ ಮಾಲನ್ನೆಲ್ಲ ಕಪಾಟಿನ ಮೇಲಿನ ಅರೆಯಲ್ಲೇ ಇಟ್ಟಿರಿ! ಒಂದು ದಿನವೂ ಇಳಿಸಿ ತೋರಿಸಲಿಲ್ಲ! ನನ್ನ ಗುಂಡಿಯಲ್ಲಿ ತೂತಿದೆ ಅಂದಿರಿ! ತೂತಿಲ್ಲದ ಗುಂಡಿಯನ್ನು ಅಂಗಿಗೆ ಹೊಲಿಯುವುದು ಹೇಗೆ ಸ್ವಾಮಿ?" ಗೋಡೆಯ ಸಮಕ್ಕೆ ಬಂದಳು, ಗೋಡೆ ದಾಟಿದಳು, ನೀರಿನ ಟ್ಯಾಂಕು ದಾಟಿದಳು, ಮಾತು ಮಾತ್ರ ನಿಲ್ಲಲಿಲ್ಲ. "ನಿಮ್ಮ ಕೊನೇ ಬೆಲೆ ಹೇಳಿ! ಇಲ್ಲದಿದ್ದರೆ ನಾನೇ ಅಂಗಡಿ ಇಡುತ್ತೇನೆ!"

ಇಡೀ ಬೀದಿ ಒಂದೇ ಗುಂಡಿ ಅಂಗಡಿಯಲ್ಲಿ ಕಲಿತದ್ದು ಎಂಬುದನ್ನು ಅವಳು ಸಿಟ್ಟಿನಲ್ಲಿ ಮರೆತೇಬಿಟ್ಟಿದ್ದಳು. ಕೆಳಗಿನ ಇನ್ನೂರು ಜನಕ್ಕೂ ಅಕ್ಷರ ಅಕ್ಷರ ಅರ್ಥವಾಯಿತು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು, ಕೆಲವರು ಅತ್ತರು, ಡಾಕ್ಟರ ಹೆಂಡತಿ ತಿರುಗಿ ಡಾಕ್ಟರನ್ನು ಒಂದು ಥರಾ ನೋಡಿದರು. ಅರ್ಥವಾಗದೆ ಉಳಿದವರು ಮೇಷ್ಟ್ರೊಬ್ಬರೇ. ತಲೆಯೆತ್ತಿ, ಟ್ಯಾಂಕಿನ ಮೇಲೆ ಸೂರ್ಯನಿಗೆ ಅಡ್ಡವಾಗಿ ನಿಂತ ಹೆಂಡತಿಯನ್ನು ನೋಡುತ್ತಾ, "ಎಷ್ಟು ಚೆನ್ನಾಗಿ ಮಾತಾಡ್ತೀಯೆ ಗಂಗಾ! ಏನಂದೆ?" ಎಂದು ಕೇಳಿದರು. ಅವರ ದನಿ ಮೂರು ಬೀದಿಗೆ ಕೇಳುವ ದನಿ, ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಮ್ಮನ ಸಿಟ್ಟು ಅಲ್ಲೇ ಇಳಿದುಹೋಯಿತಂತೆ. ಬಾಯಿ ಮುಚ್ಚಿದಳು, ಮೆಲ್ಲಗೆ ತಾರಸಿಯ ಮೇಲೆ ಬಂದಿಳಿದಳು.

ಮುಂದಿನದರಲ್ಲಿ ಅರ್ಧವನ್ನು ಕೆಳಗೆ ನಿಂತೇ ಕೇಳಿಸಿಕೊಂಡೆ, ಅರ್ಧವನ್ನು ಅವಳೇ ಹೇಳಿದಳು. ಅವಳು ಮೊದಲು ನೋಡಿದ್ದು ಕೆರೆಯನ್ನಲ್ಲ, ಊರನ್ನಲ್ಲ, ಮೇಷ್ಟ್ರ ಅಂಗಿಯನ್ನು. ಒಂದು ಗುಂಡಿಯೂ ಇರಲಿಲ್ಲ, ಎರಡು ಕಡೆ ಸುತಳಿ ದಾರ ಕಟ್ಟಿಕೊಂಡಿದ್ದರು. "ಗುಂಡಿ ಎಲ್ಲೋದ್ವು?" ಅಂದಳು. "ಒಂದೊಂದೇ ಬಿದ್ದೋದ್ವು." "ಬುಟ್ಟೀಲಿ ಹಾಕಿ ಇಳಿಸಿದ್ರೆ ಹೊಲ್ದು ಕಳಿಸ್ತಿದ್ನಲ್ರೀ." ಮೇಷ್ಟ್ರು ತಲೆ ತಗ್ಗಿಸಿದರು. "ಕೇಳೋಕೆ ನಾಚಿಕೆ ಆಯ್ತು" ಅಂದರು. ಚಿಕ್ಕಮ್ಮ ಆ ದಾರದ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿ, ತಾರಸಿಯ ಉದ್ದಕ್ಕೂ ನಡೆದಳು. ನಾಲ್ಕೂ ಮೂಲೆಗೆ ಹೋದಳು. ಕೆರೆ ಇಷ್ಟು ಹತ್ತಿರ ಇದೆಯೆಂದು ಗೊತ್ತಿರಲಿಲ್ಲ, ತನ್ನ ಹಿತ್ತಲು ಇಷ್ಟು ಪುಟ್ಟದೆಂದು ಗೊತ್ತಿರಲಿಲ್ಲ, ಪಕ್ಕದ ಮನೆಯವರ ಹೆಂಚಿನ ಮೇಲೆ ತನ್ನ ಕಳೆದುಹೋದ ಮರದ ಸೌಟು ಬಿದ್ದಿದೆಯೆಂದು ಗೊತ್ತಿರಲಿಲ್ಲ. ಮೇಷ್ಟ್ರು ಹಿಂದೆಯೇ ಬಂದು, "ಅದು ನೋಡು, ಆ ಕಡೆ ಕಾಣೋದು" ಎಂದು ಶುರು ಮಾಡಿದರು. "ಸುಮ್ನಿರಿ, ನಾನೇ ನೋಡ್ತೀನಿ" ಅಂದಳು. ಸುಮ್ಮನಾದರು. ಬಹಳ ಹೊತ್ತು ನೋಡಿದಳು. ಅಷ್ಟು ಸಂತೋಷ ತನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ, ಮದುವೆಯಲ್ಲಂತೂ ಇಲ್ಲವೇ ಇಲ್ಲ ಎಂದು ಆಮೇಲೆ ನನಗೆ ಹೇಳಿದಳು.

ಕೊನೆಗೆ, "ನಡೀರಿ ಕೆಳಕ್ಕೆ" ಅಂದಳು. ಮೇಷ್ಟ್ರು ಗೋಡೆ ಹಿಡಿದುಕೊಂಡರು. "ಇಳಿದ್ರೆ ಮತ್ತೆ ಹತ್ತೋಕಾಗಲ್ಲ ಗಂಗಾ. ನಂಗೆ ಬರೋದು ಇಂಗ್ಲಿಷ್ ಒಂದೇ." "ಆಗಲ್ಲ" ಅಂದಳು ಚಿಕ್ಕಮ್ಮ, ಸುಳ್ಳು ಸಮಾಧಾನ ಹೇಳದೆ. "ಮೊದಲಿಂದ ಕಲೀಬೇಕು. ಮಕ್ಕಳ ಜೊತೆ ಚಾಪೆ ಮೇಲೆ ಕೂತ್ಕೋಬೇಕು. ತಪ್ಪಾಗುತ್ತೆ, ನಗ್ತಾರೆ. ನೀವಿಲ್ದೆ ನಂಗೆ ಊಟ ಸೇರ್ತಿಲ್ಲ, ಬನ್ನಿ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಇಬ್ಬರೂ ಒಟ್ಟಿಗೆ ಗೋಡೆಯಾಚೆ ಕಾಲಿಟ್ಟರು. ಬೀದಿಯೂ ಅವರ ಜೊತೆ ಸುಮ್ಮನಿತ್ತು.

ಮಾರನೆಯ ದಿನ ಬೆಳಿಗ್ಗೆ ಪುಟ್ಟಬಸಪ್ಪ ಮೇಷ್ಟ್ರು ಗಡ್ಡ ಬೋಳಿಸಿಕೊಂಡು, ಐದು ಬಣ್ಣದ ಐದು ಗುಂಡಿ ಹೊಲಿದ ಅಂಗಿ ತೊಟ್ಟು ಪಾಠಕ್ಕೆ ಬಂದರು. ಅವರ ಒಂದು ಪಕ್ಕದಲ್ಲಿ ಇಬ್ಬರು ಎರಡನೆಯ ಕ್ಲಾಸಿನ ಹುಡುಗಿಯರು, ಇನ್ನೊಂದು ಪಕ್ಕದಲ್ಲಿ ನಾನು. ಜುಬೇದಾ ನಿಧಾನವಾಗಿ ಹೇಳಿಕೊಟ್ಟಳು, "ಥಾಯ್ ಗ್ವೇ ಲ." ಮೇಷ್ಟ್ರು ಎದ್ದು ನಿಂತು ಹೇಳಿದರು. ಏನೂ ಆಗಲಿಲ್ಲ. "ದನಿ ಕೊನೇಲಿ ಕೆಳಕ್ಕೆ ಬೀಳ್ಬೇಕು ಸಾರ್" ಅಂದಳು ಜುಬೇದಾ. ಮತ್ತೆ ಹೇಳಿದರು. ಹುಡುಗಿಯರು ಕಿಸಿಕಿಸಿ ನಕ್ಕರು. ಮೂರನೆಯ ಸಲ, ನಾಲ್ಕನೆಯ ಸಲ. ಕಿವಿ ಕೆಂಪಾಯಿತು, ಹಣೆಯಲ್ಲಿ ಬೆವರು ಬಂತು, ಎದ್ದು ಹೋಗಿಯೇಬಿಡುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಏಳನೆಯ ಸಲ ಕಣ್ಣು ಮುಚ್ಚಿಕೊಂಡು ಹೇಳಿದರು, ಅವರ ಚಪ್ಪಲಿ ಚಾಪೆಯ ಮೇಲೆ ಉಳಿಯಿತು, ಅವರು ಉಳಿಯಲಿಲ್ಲ. ಒಂದು ಬೆರಳಿನಷ್ಟು, ಹೆಚ್ಚೆಂದರೆ ಒಂದೂವರೆ. ಕೆಳಗೆ ನೋಡಿಕೊಂಡರು. ಆಮೇಲೆ ನಮ್ಮ ಮನೆಯ ತಾರಸಿಯ ಕಡೆ ತಿರುಗಿ, ಅಲ್ಲಿ ಸಂಡಿಗೆ ಇಡುತ್ತಿದ್ದ ಚಿಕ್ಕಮ್ಮನಿಗೆ ಕೇಳಿಸುವ ಹಾಗೆ ಊರೆಲ್ಲ ಬೆಚ್ಚಿಬೀಳುವಂತೆ ಕೂಗಿದರು: "ಗಂಗಾ! ಲೇ ಗಂಗಾ! ಅಂಗಾಲಿಗೆ ಗಾಳಿ ತಾಗ್ತಾ ಇದೆ ಕಣೇ!"

ಕೂಗಿದ್ದು ಅಚ್ಚ ಕನ್ನಡದಲ್ಲಿ, ಹಾಗಾಗಿ ದೊಪ್ಪನೆ ಚಾಪೆಗೆ ಬಿದ್ದರು. ಬಿದ್ದವರು ನಗುತ್ತಲೇ ಎದ್ದು, ಎಂಟನೆಯ ಸಲಕ್ಕೆ ಬಾಯಿ ತೆರೆದರು.